ಬೆಣ್ಣೆಹಳ್ಳ ರಸ್ತೆ ಮೇಲೆ ಬರೋದು ಯಾಕೆ? ಬೇಸಿಗೆಯಲ್ಲೇ ಹಳ್ಳಕ್ಕಿಳಿದು ಅಳೆದರೆ ಗೊತ್ತಾಗುತ್ತೆ

ಹುಬ್ಬಳ್ಳಿ: ಏಪ್ರಿಲ್, ಮೇ ತಿಂಗಳಲ್ಲಿ ಬೆಣ್ಣೆಹಳ್ಳ ನೋಡಿದವರಿಗೆ ಇದೇನಾ ಆ ಹಳ್ಳ ಅನ್ನಿಸುತ್ತೆ. ಅಲ್ಲೊಂದು ಇಲ್ಲೊಂದು ಮಡುವಿನಲ್ಲಿ ಹಸಿರುಗಟ್ಟಿದ ನೀರು, ಉಳಿದ ಕಡೆ ಬಿರುಕು ಬಿಟ್ಟ ಎರಿ ಮಣ್ಣು, ಎರಡೂ ದಂಡಿಗೆ ಜಾಲಿ ಕಂಟಿ. ಕುರಿ ಹಿಂಡು ಅಡ್ಡ ದಾಟುತ್ತವೆ. ಟ್ರ್ಯಾಕ್ಟರ್ ಹಳ್ಳದೊಳಗೇ ಇಳಿದು ಆಚೆ ಹೊಲಕ್ಕೆ ಹತ್ತುತ್ತೆ. ಅದೇ ಜಾಗಕ್ಕೆ ಆಗಸ್ಟ್‌ನಲ್ಲೋ, ಅಕ್ಟೋಬರ್‌ನ ಚಿತ್ತಿ ಮಳೆ ಹೊತ್ತಿಗೋ ಹೋದರೆ ರಸ್ತೆಗೆ ಬ್ಯಾರಿಕೇಡ್ ಬಿದ್ದಿರುತ್ತೆ. ಆಚೆ ಹೊಲಕ್ಕೆ ಹೋದವರು ಆಚೆಗೇ, ಈಚೆ ಅಂಗಡಿಗೆ ಬರಬೇಕಾದ ಮಾಲು ಅಲ್ಲೇ. ಹೆಸರು ಬಿಡಿಸೋ ಹೊತ್ತಿಗೆ ಸರಿಯಾಗಿ ಹೀಗಾದರೆ ಕಾಯಿ ಹೊಲದಲ್ಲೇ ಮೊಳಕೆ ಒಡೆಯುತ್ತೆ.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ನೆರೆ ಇರಲಿ, 2019ರ ಆಗಸ್ಟ್ ನೆರೆ ಇರಲಿ, ಬೆಣ್ಣೆಹಳ್ಳ ಮತ್ತು ತುಪ್ಪರಿಹಳ್ಳ ದಂಡೆ ಮೀರಿ ಹರಿದಿದ್ದನ್ನು ಈ ಭಾಗದವರು ಮರೆತಿಲ್ಲ. ಆಮೇಲೆ ಪ್ರತಿ ಮಳೆಗಾಲಕ್ಕೂ ಅದೇ ಮಾತು: ಹಳ್ಳ ಅಗಲ ಮಾಡ್ರಿ, ಸೇತುವೆ ಎತ್ತರ ಮಾಡ್ರಿ, ಹೂಳು ತೆಗೀರಿ. ಮೂರೂ ಬೇಕಾಗಬಹುದು. ಆದರೆ ಯಾವ ಜಾಗದಲ್ಲಿ ಯಾವುದು, ಎಷ್ಟು ಅನ್ನೋದಕ್ಕೆ ಉತ್ತರ ಬೇಕಾದರೆ ಯಾರಾದರೂ ಹಳ್ಳದೊಳಗೆ ಇಳಿದು ಟೇಪು ಹಿಡಿಯಲೇಬೇಕು. ಈ ಕೆಲಸಕ್ಕೆ ಹಳ್ಳ ಮತ್ತು ರಸ್ತೆ ಸಮೀಕ್ಷೆ ಅಂತಾರೆ. ವರ್ಷಕ್ಕೆ ಒಂದೇ ಸಲ ಮಾಡಿ ಮುಗಿಸೋ ಕೆಲಸ ಅಲ್ಲ ಇದು, ಕಾಲಕ್ಕೆ ತಕ್ಕಂತೆ ಮೂರು ಸಲ ಹೋಗಬೇಕು. ಏನು ನೋಡ್ತಾರೆ, ಏನು ಅಳೀತಾರೆ, ಅದರಿಂದ ಹಳ್ಳದ ದಂಡಿಯ ಊರಿಗೆ ಏನು ಸಿಗುತ್ತೆ ಅನ್ನೋದು ಇಲ್ಲಿದೆ.

ಒಂದೇ ಊರು, ಎರಡು ಸಮುದ್ರ

ಮೊದಲು ನೀರು ಯಾವ ಕಡೆ ಹೋಗುತ್ತೆ ಅನ್ನೋದು ತಿಳೀಬೇಕು. ಜಲಾನಯನ ಅನ್ನೋ ಪದ ಸರಕಾರಿ ಬೋರ್ಡ್ ಮೇಲೆ ಎಲ್ಲರೂ ಓದಿರ್ತಾರೆ. ಅರ್ಥ ಸರಳ. ಒಂದು ಹಳ್ಳಕ್ಕೆ ಎಷ್ಟು ನೆಲದ ಮಳೆ ನೀರು ಇಳಿದು ಬರುತ್ತೋ ಅಷ್ಟೂ ನೆಲ ಆ ಹಳ್ಳದ ಜಲಾನಯನ. ಮನೆ ಮೇಲಿನ ತಗಡಿನ ನೀರು ಯಾವ ಪೈಪಿಗೆ ಬೀಳುತ್ತೆ ಅಂತ ನೋಡಿದ ಹಾಗೆ.

ಹುಬ್ಬಳ್ಳಿ–ಧಾರವಾಡ ಇರೋದೇ ಇಂಥ ಒಂದು ಏಣಿನ ಮೇಲೆ. ಧಾರವಾಡದ ಸೋಮೇಶ್ವರ ಗುಡಿ ಹತ್ತಿರ ಹುಟ್ಟೋ ಶಾಲ್ಮಲಾ, ಹುಬ್ಬಳ್ಳಿಯ ಉಣಕಲ್ ಕೆರೆ ಕಡೆಯಿಂದ ಇಳಿಯೋ ನೀರು, ಎರಡೂ ಕಲಘಟಗಿ ಕಡೆಗೆ ಹೋಗಿ ಬೇಡ್ತಿ ಆಗುತ್ತವೆ. ಆ ನೀರು ಯಲ್ಲಾಪುರ ತಾಲೂಕಿನ ಮಾಗೋಡಿನಲ್ಲಿ ಜಲಪಾತವಾಗಿ ಧುಮುಕಿ, ಗಂಗಾವಳಿ ಅಂತ ಹೆಸರು ಬದಲಿಸಿಕೊಂಡು ಅರಬ್ಬೀ ಸಮುದ್ರ ಸೇರುತ್ತೆ. ಊರಿನ ಪೂರ್ವಕ್ಕೆ ಬಿದ್ದ ಮಳೆಯದ್ದು ಬೇರೆಯೇ ದಾರಿ. ಶಿಗ್ಗಾವಿ ತಾಲೂಕಿನ ದುಂಡಶಿ ಕಡೆ ಹುಟ್ಟೋ ಬೆಣ್ಣೆಹಳ್ಳ ಕುಂದಗೋಳ, ಹುಬ್ಬಳ್ಳಿ, ನವಲಗುಂದ ತಾಲೂಕು ಹಾದು, ಧಾರವಾಡದ ಪೂರ್ವ ಭಾಗದ ನೀರು ಹೊತ್ತು ಬರೋ ತುಪ್ಪರಿಹಳ್ಳವನ್ನೂ ಕೂಡಿಸಿಕೊಂಡು, ರೋಣ ತಾಲೂಕಿನ ಮೆಣಸಗಿ ಹತ್ತಿರ ಮಲಪ್ರಭೆ ಸೇರುತ್ತೆ. ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಗೆ, ಕೃಷ್ಣೆ ಬಂಗಾಳ ಕೊಲ್ಲಿಗೆ. ಅಂದರೆ ಹುಬ್ಬಳ್ಳಿಯ ಪಶ್ಚಿಮದ ಒಂದು ಬಡಾವಣೆ ಗಟಾರದ ನೀರು ಒಂದು ಸಮುದ್ರಕ್ಕೆ, ಪೂರ್ವದ ಹೊಲದ ನೀರು ಇನ್ನೊಂದು ಸಮುದ್ರಕ್ಕೆ.

ಹೆಸರು ಬೆಣ್ಣೆ, ತುಪ್ಪ. ಬರೋದು ಮಾತ್ರ ರಾಡಿ. ಅದಕ್ಕೆ ಕಾರಣ ಎರಿ ಭೂಮಿ. ಧಾರವಾಡ, ಕಲಘಟಗಿ ಕಡೆಯ ಮಸಾರಿ ನೆಲ ಮಳೆಯನ್ನು ಬೇಗ ಇಂಗಿಸಿಕೊಳ್ಳುತ್ತೆ. ಎರಿ ಮಣ್ಣು ಹಾಗಲ್ಲ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಟ್ಟಿರುತ್ತೆ, ಮೊದಲ ಮಳೆಯನ್ನು ಆ ಬಿರುಕುಗಳು ಗಟಗಟ ಕುಡಿಯುತ್ತವೆ. ನೆನೆದ ಮೇಲೆ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತೆ. ಆಮೇಲೆ ಬಿದ್ದ ಮಳೆ ಬಹುಪಾಲು ಮೇಲೆ ಮೇಲೆ ಹರಿದು ಹಳ್ಳ ಸೇರುತ್ತೆ, ಮಣ್ಣನ್ನೂ ಎಳೆದುಕೊಂಡು. ಹಾಗಾಗಿ ಮಿರಗ ಮಳೆಗೆ ಸುಮ್ಮನಿದ್ದ ಹಳ್ಳ ಅಷ್ಟೇ ಮಳೆಗೆ ಆಗಸ್ಟ್‌ನಲ್ಲಿ ರಸ್ತೆ ಮೇಲೆ ಬರುತ್ತೆ. ಮಳೆ ಅಷ್ಟೇ, ನೆಲದ ಸ್ಥಿತಿ ಬೇರೆ.

ಒಂದು ಎಕರೆಗೆ ನಲವತ್ತು ಟ್ಯಾಂಕರ್

ಮಳೆ ಲೆಕ್ಕ ಮಿಲಿಮೀಟರಿನಲ್ಲಿ ಕೇಳಿದರೆ ಕಡಿಮೆ ಅನ್ನಿಸುತ್ತೆ. 50 ಮಿ.ಮೀ. ಅಂದರೆ ಎರಡು ಇಂಚು ಅಷ್ಟೇ ಅಲ್ವಾ ಅಂತ. ಒಂದು ಎಕರೆ ಮೇಲೆ 50 ಮಿ.ಮೀ. ಬಿದ್ದರೆ ಅದು ಸುಮಾರು 2 ಲಕ್ಷ ಲೀಟರ್. ಊರಲ್ಲಿ ಓಡಾಡೋ 5 ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 40 ಟ್ಯಾಂಕರ್, ಒಂದೇ ಎಕರೆಗೆ.

ಈಗ ಒಂದು ಸಣ್ಣ ಸರುವು ತಗೊಳ್ಳಿ, 500 ಎಕರೆ ನೀರು ಅದಕ್ಕೆ ಇಳಿಯುತ್ತೆ ಅಂತಿಟ್ಟುಕೊಳ್ಳಿ. ಬಿದ್ದದ್ದರಲ್ಲಿ ಅರ್ಧ ಇಂಗಿದರೂ ಉಳಿದ ಅರ್ಧ 10 ಸಾವಿರ ಟ್ಯಾಂಕರ್. ಅದು ಮೂರು ತಾಸಿನಲ್ಲಿ ಇಳಿದು ಬಂದರೆ ಸೆಕೆಂಡಿಗೆ ಹೆಚ್ಚುಕಡಿಮೆ 4,600 ಲೀಟರ್. ಆ ಸರುವಿನ ಮೇಲೆ ಒಂದು ರಸ್ತೆ, ರಸ್ತೆ ಕೆಳಗೆ ಎರಡು ಅಡಿ ಅಗಲದ ಸಿಮೆಂಟ್ ಪೈಪು. ಸೆಕೆಂಡಿಗೆ ಎರಡು ಮೀಟರ್ ಜೋರಿನಲ್ಲಿ ತುಂಬಿ ಹರಿದರೂ ಆ ಪೈಪು ದಾಟಿಸೋದು 600 ಲೀಟರಿಗಿಂತ ಕಡಿಮೆ. ಅಂಥವು ಎಂಟು ಬೇಕು. ಅದೂ ನೀರು ಮೂರೂ ತಾಸು ಒಂದೇ ಸಮ ಬಂದರೆ ಮಾತ್ರ. ನಿಜವಾಗಿ ಹಳ್ಳ ಹಾಗೆ ಬರಲ್ಲ, ಒಮ್ಮೆಲೇ ಏರುತ್ತೆ.

ಪೈಪಿನ ವಿಷಯದಲ್ಲಿ ಊರಿನವರೂ ಗುತ್ತಿಗೆದಾರರೂ ತಪ್ಪು ಮಾಡೋ ಒಂದು ಲೆಕ್ಕ ಇದೆ. ‘ಒಂದು ದೊಡ್ಡ ಪೈಪಿನ ಬದಲು ಎರಡು ಸಣ್ಣವು ಹಾಕಿದರಾಯ್ತು’ ಅನ್ನೋದು. ನೀರು ಹೋಗೋದು ಪೈಪಿನ ಬಾಯಿಯ ಅಗಲದ ಮೇಲೆ ಮಾತ್ರ ಅಲ್ಲ, ಬಾಯಿಯ ಪೂರ್ತಿ ಜಾಗದ ಮೇಲೆ. ಎರಡಡಿಯ ಎರಡು ಪೈಪಿನ ಬಾಯಿ ಕೂಡಿಸಿದರೆ ಸುಮಾರು 6.3 ಚದರ ಅಡಿ. ಮೂರಡಿಯ ಒಂದೇ ಪೈಪಿನದು 7 ಚದರ ಅಡಿ. ನಾಲ್ಕಡಿಯ ಒಂದು ಪೈಪು ಎರಡಡಿಯ ನಾಲ್ಕು ಪೈಪಿಗೆ ಸಮ. ಮೇಲಿನ ಲೆಕ್ಕದ ಸರುವಿಗೆ ನಾಲ್ಕಡಿಯ ಎರಡು ಪೈಪು ಕೊಡೋ ಜಾಗವನ್ನು ಎರಡಡಿ ಪೈಪಿನಲ್ಲಿ ಕೊಡಬೇಕಾದರೆ ಎಂಟು ಜೋಡಿಸಬೇಕು. ಮೇಲಾಗಿ ಸಣ್ಣ ಬಾಯಿಗೆ ಒಂದು ಜಾಲಿ ಟೊಂಗೆ, ಒಂದು ಗೊಬ್ಬರದ ಚೀಲ ಸಿಕ್ಕಿದರೆ ಮುಗೀತು, ಉಳಿದ ಕಸ ಅದಕ್ಕೇ ತಗಲಾಕಿಕೊಳ್ಳುತ್ತೆ.

ಬೇಸಿಗೆ: ಹಳ್ಳದೊಳಗೆ ನಡೆಯೋ ಕಾಲ

ಸಮೀಕ್ಷೆಯ ಮೊದಲ ಸುತ್ತು ಹಳ್ಳ ಒಣಗಿದಾಗ. ಸುಗ್ಗಿ ಮುಗಿದು ಹೊಲ ಖಾಲಿ ಇರುತ್ತೆ, ದಂಡಿಯ ಹುಲ್ಲು ಒಣಗಿರುತ್ತೆ, ಹಳ್ಳದ ತಳ ಕಣ್ಣಿಗೆ ಕಾಣುತ್ತೆ. ರೋಹಿಣಿ ಮಳೆ ಶುರುವಾಗೋಕೆ ಮುಂಚೆ, ಅಂದರೆ ಮೇ ಮೂರನೇ ವಾರದೊಳಗೆ ಮುಗಿಸಿದರೆ ಒಳ್ಳೇದು. ಇಬ್ಬರೋ ಮೂವರೋ ಸಾಕು. ಒಂದು 30 ಮೀಟರ್ ಟೇಪು, ಅಳತೆ ಗುರುತು ಹಾಕಿದ ಬಿದಿರು ಕೋಲು, ಜಾಗದ ಗುರುತು ಸಿಗೋ ಮೊಬೈಲು, ಒಂದು ನೋಟ್‌ಬುಕ್ಕು. ಬೆಳಿಗ್ಗೆ ಆರಕ್ಕೆ ಶುರು ಮಾಡಿದರೆ ಬಿಸಿಲು ಏರೋದರೊಳಗೆ ಎರಡು ಮೂರು ಕಿಲೋಮೀಟರ್ ಆಗುತ್ತೆ. ಜಾಲಿ ಮುಳ್ಳಿಗೆ ಬೂಟು ಬೇಕೇ ಬೇಕು, ಚಪ್ಪಲಿ ಹಾಕ್ಕೊಂಡು ಹೋದವರು ಅರ್ಧ ತಾಸಿಗೇ ವಾಪಸ್.

ನಡೆಯೋದು ಕೆಳಗಿನಿಂದ ಮೇಲಕ್ಕೆ. ನೂರು ಮೀಟರಿಗೊಮ್ಮೆ ನಿಂತು ಹಳ್ಳದ ಅಗಲ, ದಂಡಿಯ ಎತ್ತರ, ತಳದಲ್ಲಿ ಏನಿದೆ ಅನ್ನೋದು ಬರೆದುಕೊಳ್ತಾರೆ: ಗರಸು, ಉಸುಕು, ಕಲ್ಲು, ಇಲ್ಲಾ ಬರೀ ಹೂಳು. ದಂಡಿ ಕುಸಿದಿದೆಯಾ, ಕುಸಿದಿದ್ದರೆ ಯಾವ ಮಗ್ಗಲು. ದಂಡಿ ಮೇಲೆ ಹೊಂಗೆ, ಬೇವಿನ ಗಿಡ ಇವೆಯಾ ಅಥವಾ ಹಳ್ಳದ ಬಾಯಿವರೆಗೂ ಉಳುಮೆ ಬಂದಿದೆಯಾ. ಒಳಗೆ ಆಪು, ಜೇಕು ಬೆಳೆದು ನೀರಿಗೆ ದಾರಿಯೇ ಇಲ್ಲದಂತಾಗಿದೆಯಾ. ಕಟ್ಟಡದ ಡೆಬ್ರಿ, ಕೋಳಿ ಅಂಗಡಿ ಕಸ ಸುರಿದಿದ್ದಾರಾ.

ಮಡುಗಳಿಗೆ ಬೇರೆಯೇ ಒಂದು ಪುಟ. ಮೇ ತಿಂಗಳಲ್ಲೂ ನೀರು ನಿಂತಿರೋ ಮಡು ಎಲ್ಲಿದೆ, ಎಷ್ಟು ಆಳ, ಮೇಲೆ ನೆರಳಿದೆಯಾ ಅನ್ನೋದು. ಬರೀ ಪ್ರವಾಹದ ಕಣ್ಣಿನಿಂದ ನೋಡೋರಿಗೆ ಇದು ಮುಖ್ಯ ಅನ್ನಿಸಲ್ಲ. ಆದರೆ ಹಳ್ಳದ ಜೀವ ಬೇಸಿಗೆ ಕಳೆಯೋದು ಅಲ್ಲೇ. ಮೀನು, ಏಡಿ, ಆಮೆ, ಕಪ್ಪೆ ಎಲ್ಲ ಆ ನಾಲ್ಕು ಹೆಜ್ಜೆ ನೀರಿನಲ್ಲಿ ಮುಂದಿನ ಮಳೆಗೆ ಕಾಯುತ್ತವೆ. ಕುರಿ, ದನ ನೀರು ಕುಡಿಯೋದೂ ಅಲ್ಲೇ. ಜೆಸಿಬಿ ಇಳಿಸಿ ಹಳ್ಳವನ್ನು ಈ ತುದಿಯಿಂದ ಆ ತುದಿವರೆಗೆ ಒಂದೇ ಮಟ್ಟಕ್ಕೆ ಗಟಾರದ ಹಾಗೆ ಕೆರೆದರೆ ಮೊದಲು ಹೋಗೋದು ಈ ಮಡುಗಳು. ಹೂಳು ತೆಗೆಯೋದು ಬೇಡ ಅಂತಲ್ಲ. ಯಾವುದು ಹೂಳು, ಯಾವುದು ಮಡು ಅಂತ ಗೊತ್ತಿದ್ದು ತೆಗೆಯಬೇಕು, ಅದಕ್ಕೆ ನಕಾಶೆ ಬೇಕು.

ಬೆಣ್ಣೆಹಳ್ಳದ ನೀರಿಗೆ ಜನರ ನಂಟು ಬೇರೆ ಥರದ್ದೂ ಇದೆ. ನವಲಗುಂದ ತಾಲೂಕಿನ ಯಮನೂರು ಜಾತ್ರೆಗೆ ಬರೋ ಹಿಂದೂ, ಮುಸ್ಲಿಂ ಭಕ್ತರು ಈ ಹಳ್ಳದಲ್ಲೇ ಸ್ನಾನ ಮಾಡ್ತಾರೆ, ಚರ್ಮರೋಗ ವಾಸಿಯಾಗುತ್ತೆ ಅನ್ನೋ ನಂಬಿಕೆ. ಎಣ್ಣೆ ಬದಲು ಹಳ್ಳದ ನೀರಿನಲ್ಲೇ ದೀಪ ಉರಿಯುತ್ತೆ ಅನ್ನೋ ಪ್ರತೀತಿಯೂ ಇದೆ. ಸಾವಿರಾರು ಜನ ಮುಳುಗೇಳೋ ನೀರು ಮೇಲಿನ ಊರುಗಳಿಂದ ಏನೇನು ಹೊತ್ತು ತರುತ್ತೆ ಅನ್ನೋದನ್ನು ನೋಡೋಕೂ ಇದೇ ಸಮೀಕ್ಷೆ ಬೇಕು.

ಹಳ್ಳ ಮತ್ತು ರಸ್ತೆ ಸೇರೋ ಜಾಗ

ಹಳ್ಳದಲ್ಲಿ ನಡೀತಾ ನಡೀತಾ ರಸ್ತೆ ಸಿಕ್ಕ ಕೂಡಲೇ ಕೆಲಸ ನಿಧಾನ ಆಗುತ್ತೆ. ಒಂದು ಪೈಪು ಸಿ.ಡಿ. ಹತ್ತಿರ ಅರ್ಧ ತಾಸು ಹೋದರೂ ಹೆಚ್ಚಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ನಿಯಮದ ಪ್ರಕಾರ 6 ಮೀಟರ್ ಉದ್ದದವರೆಗೆ ಇದ್ದರೆ ಅದು ಕಲ್ವರ್ಟು, ಅದಕ್ಕಿಂತ ಮೇಲೆ 60 ಮೀಟರ್‌ವರೆಗೆ ಸಣ್ಣ ಸೇತುವೆ. ದೊಡ್ಡ ಸೇತುವೆ ಮುಳುಗಿದರೆ ಸುದ್ದಿ ಆಗುತ್ತೆ. ಕಲ್ವರ್ಟುಗಳ ಕಥೆ ಹಾಗಲ್ಲ, ಹೊಲದ ದಾರಿ, ಊರ ರಸ್ತೆಗಳಲ್ಲಿ ಅವು ಎಷ್ಟಿವೆ ಅಂತ ಆಯಾ ಊರಿನವರಿಗೂ ಲೆಕ್ಕ ಇರಲ್ಲ.

ಅಳೆಯೋದು ಇಷ್ಟು: ಪೈಪು ಎಷ್ಟು, ಅಗಲ ಎಷ್ಟು, ಒಳಗೆ ಎಷ್ಟು ಹೂಳು ಕೂತಿದೆ. ಮೂರಡಿ ಪೈಪಿನಲ್ಲಿ ಅರ್ಧ ಹೂಳಿದ್ದರೆ ಕಾಗದದ ಮೇಲೆ ಮೂರಡಿ, ನೀರಿಗೆ ಸಿಗೋದು ಅರ್ಧ ಬಾಯಿ. ಪೈಪಿನ ಮೇಲೆ ರಸ್ತೆ ಎಷ್ಟು ಎತ್ತರ. ಮೇಲ್ಗಡೆ ಹಳ್ಳದ ಅಗಲ ಎಷ್ಟು, ಪೈಪುಗಳ ಒಟ್ಟು ಬಾಯಿ ಎಷ್ಟು. ಹಳ್ಳ 20 ಅಡಿ ಅಗಲ ಬಂದು ಆರು ಅಡಿ ಬಾಯಿಗೆ ಹೊಕ್ಕರೆ ಏನಾಗುತ್ತೆ ಅಂತ ಹೇಳಬೇಕಿಲ್ಲ, ಅಂಗಡಿಯಲ್ಲಿ ಎಣ್ಣೆ ಸುರಿಯೋ ಲಾಳಿಕೆ ನೋಡಿದವರಿಗೆ ಗೊತ್ತು. ಸುರಿಯೋದು ಜಾಸ್ತಿಯಾದರೆ ಉಕ್ಕುತ್ತೆ.

ಆಮೇಲೆ ರಸ್ತೆಯ ಕೆಳಮಗ್ಗಲಿಗೆ ಇಳಿದು ನೋಡ್ತಾರೆ. ಅಲ್ಲಿ ಬಹಳ ಕಡೆ ದೊಡ್ಡ ಗುಂಡಿ ಬಿದ್ದಿರುತ್ತೆ. ಇಕ್ಕಟ್ಟಾದ ಬಾಯಿಯಿಂದ ಜೋರಾಗಿ ಹೊರಬಿದ್ದ ನೀರು ತಳ ಕೆರೆದು ಮಾಡಿದ ಗುಂಡಿ ಅದು. ವರ್ಷ ವರ್ಷ ಗುಂಡಿ ಆಳ ಆಗ್ತಾ ಪೈಪಿನ ಬಾಯಿ ಗಾಳಿಯಲ್ಲಿ ನೇತಾಡೋ ಹಾಗಾಗುತ್ತೆ, ಕೊನೆಗೆ ರಸ್ತೆಯ ಮಣ್ಣು ಕೆಳಗಿನಿಂದಲೇ ಕರಗುತ್ತೆ. ಮೇಲಿನಿಂದ ಡಾಂಬರು ಚೆನ್ನಾಗೇ ಕಾಣ್ತಿರುತ್ತೆ. ಕಬ್ಬಿನ ಟ್ರ್ಯಾಕ್ಟರ್ ಬಂದ ದಿನ ಕುಸಿಯುತ್ತೆ.

ರಸ್ತೆಯೇ ಹಳ್ಳ ಆಗೋದು ಇನ್ನೊಂದು. ಚಕ್ಕಡಿ ದಾರಿ, ಹೊಲದ ದಾರಿ ವರ್ಷಾನುಗಟ್ಟಲೆ ತುಳಿದು ತುಳಿದು ಅಕ್ಕಪಕ್ಕದ ಹೊಲಕ್ಕಿಂತ ತಗ್ಗಾಗಿರುತ್ತೆ. ಬದು ಒಡೆದ ಹೊಲಗಳ ನೀರೆಲ್ಲ ಆ ದಾರಿಗೇ ಇಳಿದು ನೇರ ಹಳ್ಳಕ್ಕೆ ಓಡುತ್ತೆ. ಹೊಲದಲ್ಲಿ ನಿಧಾನಕ್ಕೆ ಬರಬೇಕಾದ ನೀರು ದಾರಿಯಲ್ಲಿ ಬೇಗ ಬಂತು, ಮಣ್ಣನ್ನೂ ತಂತು. ಆ ಮಣ್ಣು ಕೆಳಗಿನ ಕಲ್ವರ್ಟಿನ ಪೈಪಿನಲ್ಲಿ ಕೂತಿತು. ಅದಕ್ಕೇ ಹಳ್ಳವನ್ನೂ ರಸ್ತೆಯನ್ನೂ ಬೇರೆ ಬೇರೆ ನೋಡಿದರೆ ಅರ್ಧ ಉತ್ತರ ಮಾತ್ರ ಸಿಗುತ್ತೆ. ದಾರಿಯ ಪಕ್ಕದ ಗಟಾರ ಎಲ್ಲಿ ಶುರುವಾಗಿ ಎಲ್ಲಿ ಹಳ್ಳಕ್ಕೆ ಬೀಳುತ್ತೆ ಅನ್ನೋದನ್ನೂ ಸಮೀಕ್ಷೆಯಲ್ಲಿ ಗುರುತು ಮಾಡೋದು ಇದೇ ಕಾರಣಕ್ಕೆ.

ಮಳೆಗಾಲ: ದೂರದಿಂದ ನೋಡೋ ಕಾಲ

ಎರಡನೇ ಸುತ್ತು ಹಳ್ಳ ಹರಿಯುವಾಗ. ಈಗ ಒಳಗೆ ಇಳಿಯೋ ಮಾತೇ ಇಲ್ಲ. ಅರ್ಧ ಅಡಿ ಸೆಳವಿನ ನೀರು ದೊಡ್ಡವರನ್ನೂ ಕೆಡವುತ್ತೆ, ಒಂದು ಅಡಿ ನೀರು ಸಣ್ಣ ಕಾರನ್ನು ತೇಲಿಸುತ್ತೆ, ಎರಡು ಅಡಿಗೆ ಹೆಚ್ಚಿನ ವಾಹನಗಳು ನಿಲ್ಲಲ್ಲ. ಮೊಣಕಾಲಮಟ ಐತಿ, ದಾಟಬಹುದು ಅನ್ನೋದೇ ತಪ್ಪು ಲೆಕ್ಕ. ರಾಡಿ ನೀರಿನ ಕೆಳಗೆ ರಸ್ತೆ ಉಳಿದಿದೆಯೋ ಕೊಚ್ಚಿ ಹೋಗಿದೆಯೋ ಮೇಲೆ ನಿಂತವರಿಗೆ ಕಾಣಲ್ಲ.

ನೀರು ಎಷ್ಟು ಬರ್ತಿದೆ ಅಂತ ದಂಡಿ ಮೇಲೆ ನಿಂತೇ ಅಂದಾಜು ಮಾಡೋಕೆ ಹಳೇ ವಿಧಾನ ಒಂದಿದೆ. ಹಳ್ಳ ನೇರ ಇರೋ ಕಡೆ ದಂಡಿ ಮೇಲೆ 10 ಮೀಟರ್ ಅಳೆದು ಎರಡು ಗೂಟ ಹೊಡೀತಾರೆ. ಮೇಲಿನಿಂದ ಒಂದು ತೆಂಗಿನ ಕರಟವೋ ಕಿತ್ತಳೆ ಹಣ್ಣೋ ಎಸೆದು, ಈ ಗೂಟದಿಂದ ಆ ಗೂಟಕ್ಕೆ ಎಷ್ಟು ಸೆಕೆಂಡಿನಲ್ಲಿ ಬಂತು ನೋಡ್ತಾರೆ. 8 ಸೆಕೆಂಡಿನಲ್ಲಿ ಬಂದರೆ ಸೆಕೆಂಡಿಗೆ 1.25 ಮೀಟರ್. ಮೇಲಿನ ನೀರು ತಳದ ನೀರಿಗಿಂತ ಜೋರಾಗಿ ಹೋಗೋದರಿಂದ ಅದನ್ನು 0.85ರಿಂದ ಗುಣಿಸ್ತಾರೆ. ಹಳ್ಳ 6 ಮೀಟರ್ ಅಗಲ, ಸರಾಸರಿ ಅರ್ಧ ಮೀಟರ್ ಆಳ ಇದ್ದರೆ ಸೆಕೆಂಡಿಗೆ ಸುಮಾರು 3,200 ಲೀಟರ್. ಎರಡು ಸೆಕೆಂಡೂ ಆಗೋದರೊಳಗೆ ಒಂದು ಟ್ಯಾಂಕರ್ ನೀರು ಕಣ್ಣ ಮುಂದೆ ದಾಟಿ ಹೋಯ್ತು. ಆಳ ತಿಳಿಯೋಕೆ ನೀರಿಗಿಳೀಬೇಕಿಲ್ಲ, ಬೇಸಿಗೆಯಲ್ಲೇ ಅಳೆದಿಟ್ಟ ಲೆಕ್ಕ ಇದೆಯಲ್ಲ. ಮೊದಲ ಸುತ್ತು ಮಾಡದಿದ್ದವರಿಗೆ ಎರಡನೇ ಸುತ್ತಿನಿಂದ ಉಪಯೋಗ ಕಡಿಮೆ ಅನ್ನೋದು ಇದಕ್ಕೇ.

ಇದರ ಜೊತೆ ಮಳೆ ಎಷ್ಟೊತ್ತಿಗೆ ಬಿತ್ತು, ಹಳ್ಳ ಎಷ್ಟೊತ್ತಿಗೆ ಏರಿತು ಅನ್ನೋ ಸಮಯ ಬರೆದಿಟ್ಟರೆ ಅದು ಬಂಗಾರ. ಮಳೆ ಲೆಕ್ಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳಿಂದ ಸಿಗುತ್ತೆ. ಹಳ್ಳ ಏರಿದ ಸಮಯ ಬರೆಯೋದು ಮಾತ್ರ ದಂಡಿಯ ಊರಿನವರ ಕೈಯಲ್ಲೇ ಇದೆ. ಕುಂದಗೋಳ ಕಡೆ ಮಳೆ ಬಿದ್ದ ಎಷ್ಟು ತಾಸಿಗೆ ನವಲಗುಂದ ಕಡೆ ಹಳ್ಳ ಏರುತ್ತೆ ಅಂತ ನಾಲ್ಕು ವರ್ಷದ ಲೆಕ್ಕ ಇದ್ದರೆ ಕೆಳಗಿನವರಿಗೆ ದನ ಬಿಚ್ಚೋಕೆ, ಅಂಗಡಿಯ ಚೀಲ ಮೇಲೆತ್ತೋಕೆ ಸಮಯ ಸಿಗುತ್ತೆ.

ಮೀನು ಹತ್ತೋಕೆ ದಾರಿ

ಅಮೆರಿಕದ ವಾಯವ್ಯ ರಾಜ್ಯಗಳಲ್ಲಿ ಬೇಸಿಗೆ ಬಂತೆಂದರೆ ಯುವಕ ಯುವತಿಯರ ತಾತ್ಕಾಲಿಕ ತಂಡ ಕಟ್ಟಿ ಹಳ್ಳ, ಕಾಡು ರಸ್ತೆ, ಕಲ್ವರ್ಟು ಅಳೆಸ್ತಾರೆ. ಅಲ್ಲಿ ಅದಕ್ಕೆ ದೊಡ್ಡ ಕಾರಣ ಸಾಲ್ಮನ್ ಮೀನು. ಸಮುದ್ರದಲ್ಲಿ ಬೆಳೆದು, ಮೊಟ್ಟೆ ಇಡೋಕೆ ತಾನು ಹುಟ್ಟಿದ ಹಳ್ಳಕ್ಕೇ ಹತ್ತಿ ಬರುತ್ತೆ. ಗಾಳಿಯಲ್ಲಿ ನೇತಾಡೋ ಪೈಪಿನ ಬಾಯಿಗೆ ಅದು ಹಾರಲಾರದು. ವಾಷಿಂಗ್ಟನ್ ರಾಜ್ಯದ 21 ಮೂಲನಿವಾಸಿ ಬುಡಕಟ್ಟುಗಳು ‘ನಮ್ಮ ಮೀನು ಹಿಡಿಯೋ ಹಕ್ಕಿಗೆ ನಿಮ್ಮ ರಸ್ತೆ ಪೈಪು ಅಡ್ಡ’ ಅಂತ 2001ರಲ್ಲಿ ಕೋರ್ಟಿಗೆ ಹೋದವು. 2013ರಲ್ಲಿ ಪೈಪು ಬದಲಿಸಿ ಅಂತ ಆದೇಶ ಆಯ್ತು. ರಾಜ್ಯ ಸರಕಾರ ಸುಪ್ರೀಂ ಕೋರ್ಟಿನವರೆಗೂ ಹೋಯ್ತು, 2018ರಲ್ಲಿ ಅಲ್ಲಿ ನ್ಯಾಯಮೂರ್ತಿಗಳು 4–4 ಆಗಿ ಕೆಳಗಿನ ತೀರ್ಪೇ ಉಳೀತು. ನೂರಾರು ಕಲ್ವರ್ಟು ಬದಲಿಸೋ ಕೆಲಸ ಸರಕಾರದ ತಲೆ ಮೇಲೆ ಬಂತು.

ಇಲ್ಲಿ ಸಾಲ್ಮನ್ ಇಲ್ಲ. ಆದರೆ ಮೊದಲ ಮಳೆಗೆ ಹೊಳೆಯ ಮೀನು ಸಣ್ಣ ಸರುವು, ಗದ್ದೆಗಳಿಗೆ ಹತ್ತೋದು ಮಲೆನಾಡಿನ ಮಗ್ಗಲಿನವರಿಗೆ ಗೊತ್ತು, ಹತ್ತುಮೀನು ಅಂತಲೇ ಹೆಸರು. ಬೇಡ್ತಿ ಕಣಿವೆಯ ಹಳ್ಳಗಳಿಗೂ ಈ ಮಾತು ಅನ್ವಯಿಸುತ್ತೆ. ಮಡುವಿನಿಂದ ಮಡುವಿಗೆ, ಹೊಳೆಯಿಂದ ಹಳ್ಳಕ್ಕೆ ದಾರಿ ಇದ್ದರೆ ಮೀನು ಉಳಿಯುತ್ತೆ. ವಿಶೇಷ ಅಂದರೆ ಮೀನಿಗೆ ಬೇಕಾದ್ದೂ ರಸ್ತೆಗೆ ಬೇಕಾದ್ದೂ ಒಂದೇ: ಹಳ್ಳದಷ್ಟೇ ಅಗಲದ ಬಾಯಿ, ಹಳ್ಳದ ತಳದ ಮಟ್ಟಕ್ಕೇ ಕೂತ ಪೈಪು ಅಥವಾ ಬಾಕ್ಸು.

ಯಾರ ಹಳ್ಳ, ಯಾರ ರಸ್ತೆ

ತೊಡಕು ಇರೋದು ಇಲ್ಲಿ. ಜಿಲ್ಲಾ ಮುಖ್ಯ ರಸ್ತೆ ಲೋಕೋಪಯೋಗಿ ಇಲಾಖೆಯದ್ದು, ಊರ ರಸ್ತೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ್ದು, ಹೊಲದ ದಾರಿ ಗ್ರಾಮ ಪಂಚಾಯಿತಿಯದ್ದು. ಬಾಂದಾರ, ಚೆಕ್‌ಡ್ಯಾಮು ಬಹಳಷ್ಟು ಸಣ್ಣ ನೀರಾವರಿಯದ್ದು, ಹೊಲದ ಬದು ಜಲಾನಯನ ಇಲಾಖೆಯದ್ದು, ಒತ್ತುವರಿ ಅಂದರೆ ಕಂದಾಯದವರು, ಊರೊಳಗಿನ ನಾಲಾ ಮಹಾನಗರ ಪಾಲಿಕೆಯದ್ದು. ನೀರಿಗೆ ಈ ಗಡಿ ಯಾವುದೂ ಗೊತ್ತಿಲ್ಲ. ಮೇಲಿನ ಇಲಾಖೆ ಕಟ್ಟಿದ ಬಾಂದಾರ ಕೆಳಗಿನ ಇಲಾಖೆಯ ಪೈಪಿಗೆ ಹೂಳು ಕಳಿಸಬಹುದು, ಕೆಳಗಿನವರು ರಸ್ತೆ ಎತ್ತರಿಸಿದರೆ ಮೇಲಿನ ಹೊಲದಲ್ಲಿ ನೀರು ನಿಲ್ಲಬಹುದು. ರಸ್ತೆ ಎತ್ತರ ಮಾಡಿ ಬಾಯಿ ದೊಡ್ಡದು ಮಾಡದಿದ್ದರೆ ಅದು ರಸ್ತೆ ಅಲ್ಲ, ಒಡ್ಡು.

ಜಲಾನಯನ ಅಂತ ಇಡೀ ನೆಲವನ್ನು ಒಂದಾಗಿ ನೋಡೋ ಪ್ರಯತ್ನ ಈ ಜಿಲ್ಲೆಗೆ ಹೊಸದಲ್ಲ. ವಿಶ್ವಬ್ಯಾಂಕ್ ನೆರವಿನ ಸುಜಲಾ ಯೋಜನೆಯ ಮೊದಲ ಹಂತ 2001ರಿಂದ 2009ರವರೆಗೆ ನಡೆದಾಗ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ ಜೊತೆ ಧಾರವಾಡವೂ ಇತ್ತು. ಉಪಗ್ರಹ ಚಿತ್ರ ಬಳಸಿ ಬದು, ಕೃಷಿಹೊಂಡ, ನಾಲಾ ಕೆಲಸಗಳನ್ನು ಗಮನಿಸಿದ್ದರು. ನೀರು–ನೆಲದ ತರಬೇತಿಗೆಂದೇ ಇರೋ ವಾಲ್ಮಿ ಸಂಸ್ಥೆ, ಕೃಷಿ ವಿಶ್ವವಿದ್ಯಾಲಯ ಎರಡೂ ಧಾರವಾಡದಲ್ಲೇ ಇವೆ. ತಿಳಿವಳಿಕೆಗೆ ಕೊರತೆ ಇದೆ ಅನ್ನೋ ಹಾಗಿಲ್ಲ.

ಊರಿನವರು ಕೈಕಟ್ಟಿ ಕೂರಬೇಕಿಲ್ಲ. ಮೊಬೈಲಿನಲ್ಲಿ ಸರಕಾರದ ದಿಶಾಂಕ್ ಆ್ಯಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರ್, ಗ್ರಾಮ ನಕಾಶೆಯಲ್ಲಿನ ಹಳ್ಳದ ಗೆರೆ ಕಾಣುತ್ತೆ. ಹಳ್ಳ, ದಾರಿ ಪಹಣಿಯಲ್ಲಿ ‘ಬ’ ಖರಾಬು ಅಂತ ಇರುತ್ತೆ, ಅದು ಸಾರ್ವಜನಿಕ ಜಾಗ. ನಕಾಶೆಯ ಹಳ್ಳ ಮತ್ತು ಕಣ್ಣ ಮುಂದಿನ ಹಳ್ಳ ಹೊಂದುತ್ತಾ ಅಂತ ನೋಡೋಕೆ ಎಂಜಿನಿಯರೇ ಬೇಕಿಲ್ಲ. ಹೊಸ ಸಿ.ಡಿ. ಕೆಲಸ ಶುರುವಾದರೆ ಅದರ ಎಸ್ಟಿಮೇಟು, ನೀರಿನ ಲೆಕ್ಕದ ಪುಟ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಬಹುದು, 30 ದಿನದೊಳಗೆ ಉತ್ತರ ಕೊಡಬೇಕು. ಎಷ್ಟು ಎಕರೆಯ ನೀರು ಲೆಕ್ಕ ಹಿಡಿದಿದ್ದಾರೆ ಅನ್ನೋದು ಅದರಲ್ಲಿರಬೇಕು. ಇಲ್ಲದಿದ್ದರೆ ಪೈಪು ಲೆಕ್ಕ ಮಾಡಿ ಹಾಕಿದ್ದೋ, ಕೈಗೆ ಸಿಕ್ಕಿದ್ದು ಹಾಕಿದ್ದೋ ಅಂತ ಗ್ರಾಮಸಭೆಯಲ್ಲೇ ಕೇಳಬಹುದು.

ಮೂರನೇ ಸುತ್ತು ಹಿಂಗಾರಿ ಮಳೆ ನಿಂತ ಮೇಲೆ. ಇದು ಗುರುತು ಹುಡುಕೋ ಕೆಲಸ. ಜಾಲಿ ಟೊಂಗೆಗೆ ಎಷ್ಟು ಎತ್ತರದಲ್ಲಿ ಕಸ, ಹುಲ್ಲು ಸಿಕ್ಕಿಕೊಂಡಿದೆ, ಗುಡಿ ಗೋಡೆ, ಶಾಲೆ ಗೋಡೆ, ಕಿರಾಣಿ ಅಂಗಡಿ ಶೆಟರ್ ಮೇಲೆ ರಾಡಿಯ ಗೆರೆ ಎಲ್ಲಿವರೆಗೆ ಇದೆ. ಸೇತುವೆ ಲೆಕ್ಕ ಹಾಕುವಾಗ ಎಂಜಿನಿಯರುಗಳು ಮೊದಲು ಹುಡುಕೋದು ನೆರೆಯ ಗರಿಷ್ಠ ಮಟ್ಟ. ಅದಕ್ಕೆ ಊರಿನ ಹಿರಿಯರನ್ನು ಕೇಳಿ, ಗೋಡೆಯ ಗುರುತು ನೋಡಿ ಅಂತ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯಲ್ಲೇ ಇದೆ. ತೊಂದರೆ ಏನಂದರೆ ಚಿತ್ತಿ ಮಳೆ ಮುಗಿದ ಕೆಲವೇ ದಿನಕ್ಕೆ ದೀಪಾವಳಿ. ಗೋಡೆಗೆ ಸುಣ್ಣ ಬೀಳುತ್ತೆ, ಶೆಟರ್ ತೊಳೆದು ಬಣ್ಣ ಹಚ್ಚುತ್ತಾರೆ, ಗೆರೆ ಮಾಯ. ಮುಂದಿನ ವರ್ಷ ಎಸ್ಟಿಮೇಟಿಗೆ ಬಂದವರು ಕೇಳಿದರೆ ಒಬ್ಬರು ಸೊಂಟಮಟ ಅಂತಾರೆ, ಇನ್ನೊಬ್ಬರು ಎದಿಮಟ ಅಂತಾರೆ. ಸುಣ್ಣ ಬಳಿಯೋ ಮುಂಚೆ ಒಂದು ಟೇಪು ಹಿಡಿದು ನೆಲದಿಂದ ಗೆರೆವರೆಗೆ ಅಳೆದು, ಟೇಪು ಕಾಣೋ ಹಾಗೆ ಒಂದು ಫೋಟೋ ತೆಗೆದು, ಅಂಗಡಿ ಗೋಡೆಯ ಮೂಲೆಯಲ್ಲಿ ಎಣ್ಣೆ ಬಣ್ಣದಿಂದ ಅಡ್ಡಗೆರೆ ಎಳೆದು ತಾರೀಖು ಬರೆದಿಟ್ಟರೆ ಸಾಕು. ಐದು ನಿಮಿಷದ ಕೆಲಸ.